ಮೂಟೆಯೂ ಕೆಸರೂ: ಮಲೆನಾಡಿನ ತೋಟದ ಮನೆಗೆ ಒಂದೇ ಜೀಪು ಆರಿಸುವ ಬಗೆ

ಗೇಟಿನಿಂದ ನಮ್ಮ ಮನೆಗೆ ಒಂದೂಕಾಲು ಕಿಲೋಮೀಟರು. ಅದರಲ್ಲಿ ಒಂದು ಕಿಲೋಮೀಟರಿಗೆ ಯಾವ ಕಾರಾದರೂ ಸಾಕು. ಹಳ್ಳ ದಾಟಿದ ಮೇಲೆ ಉಳಿಯುವ ಕಾಲು ಕಿಲೋಮೀಟರಿನ ಏರು ಮಾತ್ರ ಪುಷ್ಯ ಮಳೆ ಹಿಡಿಯಿತೆಂದರೆ ಬೆಣ್ಣೆ ಸವರಿಟ್ಟಂತಿರುತ್ತದೆ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ತೋಟವಿರುವವರಿಗೆ ಈ ಏರನ್ನು ವಿವರಿಸಬೇಕಾಗಿಲ್ಲ. ಪ್ರತಿಯೊಬ್ಬರ ತೋಟದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಅದೇ ವಾಹನ ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಮೂಟೆ ತುಂಬಿದ ಟ್ರೇಲರನ್ನು ಕಣಕ್ಕೆ ಎಳೆಯಬೇಕು. ಅದರಲ್ಲೇ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು. ಕೆಲಸಕ್ಕೊಂದು ವಾಹನ ಇಟ್ಟುಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಒಂದೇ ವಾಹನದಲ್ಲಿ ಎರಡನ್ನೂ ಸಾಧಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಎಳೆಯುವ ಕೆಲಸಕ್ಕೆ ವಾಹನ ಭಾರವಾಗಿರಬೇಕು, ಉದ್ದವಾಗಿರಬೇಕು, ಹಿಂದಿನ ಟ್ರೇಲರು ದೂಡಿದರೂ ಅಲುಗಬಾರದು. ಕೆಸರಿಗೆ ಅದು ಹಗುರವಾಗಿರಬೇಕು, ಗಿಡ್ಡವಾಗಿರಬೇಕು, ಹೂತುಕೊಳ್ಳುವ ಮೊದಲೇ ದಾಟಿಬಿಡಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ. ಎರಡನ್ನೂ ಪೂರ್ತಿಯಾಗಿ ಕೊಡುವ ವಾಹನವನ್ನು ಯಾರೂ ತಯಾರಿಸಿಲ್ಲ. ನಿಮ್ಮ ತೋಟಕ್ಕೆ ಯಾವುದರಲ್ಲಿ ಎಷ್ಟು ಬಿಟ್ಟುಕೊಡಬಹುದು ಎಂದು ಲೆಕ್ಕ ಹಾಕುವುದೇ ಇಲ್ಲಿನ ಆಯ್ಕೆ.

ಮೊದಲ ಹೆಜ್ಜೆ: ಷೋರೂಮಿಗೆ ಹೋಗುವ ಮುನ್ನ ದಾರಿಯಲ್ಲಿ ನಡೆಯಿರಿ

ಆರಿದ್ರಾ ಮಳೆ ಬಿದ್ದ ಮೇಲೆ ಒಂದು ದಿನ ಅಳತೆ ಟೇಪು, ಕೋಲು ಹಿಡಿದು ಮನೆಯಿಂದ ಗೇಟಿನವರೆಗೆ ನಡೆಯಿರಿ. ನಾಲ್ಕು ಸಂಗತಿ ಬರೆದುಕೊಳ್ಳಿ. ಚಕ್ರದ ಜಾಡುಗಳ ಆಳ, ಅಂದರೆ ಎರಡು ಜಾಡಿನ ನಡುವಿನ ನಡುದಿಣ್ಣೆ ಎಷ್ಟು ಎತ್ತರ ಉಳಿದಿದೆ ಎಂಬುದು ಮೊದಲನೆಯದು. ಅತ್ಯಂತ ಕಡಿದಾದ ಏರು ಎಷ್ಟು ಅಡಿಗೆ ಎಷ್ಟು ಅಡಿ ಏರುತ್ತದೆ ಎಂಬುದು ಎರಡನೆಯದು. ಆಮೇಲೆ ಅತಿ ಇಕ್ಕಟ್ಟಾದ ತಿರುವು. ಕೊನೆಗೆ ಹಳ್ಳದ ನೀರು. ಮಳೆ ಜೋರಾಗಿದ್ದಾಗ ಅದು ಕೋಲಿನಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಮಾಡಿ.

ಈ ನಾಲ್ಕು ಅಳತೆ ಕೈಯಲ್ಲಿದ್ದರೆ ಅರ್ಧ ನಿರ್ಧಾರ ಆದಂತೆಯೇ. ನಡುದಿಣ್ಣೆ 20 ಸೆಂಟಿಮೀಟರು ದಾಟಿದ್ದರೆ 210 ಮಿಲಿಮೀಟರು ನೆಲದೆತ್ತರದ ವಾಹನ ಹೊಟ್ಟೆ ಉಜ್ಜಿಕೊಂಡೇ ಹೋಗುತ್ತದೆ. ಒಮ್ಮೆ ಹೊಟ್ಟೆ ದಿಣ್ಣೆಯ ಮೇಲೆ ಕುಳಿತರೆ ನಾಲ್ಕು ಚಕ್ರಗಳೂ ಗಾಳಿಯಲ್ಲಿ ತಿರುಗಿದಂತೆಯೇ; ಎಂಜಿನ್ನಿಗೆ ಎಷ್ಟು ಶಕ್ತಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಹತ್ತು ಲೋಡು ಜಲ್ಲಿ, ಎರಡು ಮೋರಿ ಹಾಕಿಸಿದರೆ ದಾರಿಯೇ ಸರಿಹೋಗುತ್ತದೆ ಎಂದು ಈ ನಡಿಗೆಯಲ್ಲೇ ಗೊತ್ತಾಗುವುದೂ ಉಂಟು. ಹಾಗಾದರೆ ಮೊದಲು ಜಲ್ಲಿ ಹಾಕಿಸಿ. ಆ ಹಣ ಎಂದೂ ದಂಡವಾಗುವುದಿಲ್ಲ.

ಎರಡನೆಯದು: ಜನ, ಮೂಟೆ, ತೂಕ

ಒಂದು ಸಲಕ್ಕೆ ಎಷ್ಟು ಮೂಟೆ ಎಳೆಯಬೇಕು? ಮೂಟೆಗೆ 50 ಕಿಲೋ ಎಂದು ಹಿಡಿದರೂ ಹತ್ತು ಮೂಟೆಗೆ 500 ಕಿಲೋ. ಟ್ರೇಲರಿನ ಸ್ವಂತ ತೂಕ 200 ಕಿಲೋ ಇದ್ದರೆ ಒಟ್ಟು 700. ವಾಹನ ಮತ್ತು ಜನ ಸೇರಿ 1,800 ಎಂದುಕೊಂಡರೆ ಏರಿನಲ್ಲಿ ಎರಡೂವರೆ ಟನ್ನು ಹತ್ತಬೇಕು. ಐದು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಆ ಎರಡೂವರೆ ಟನ್ನು ಸುಮಾರು 500 ಕಿಲೋ ಬಲದಿಂದ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಆ ಬಲವನ್ನು ಮೀರಿಸುವ ಹಿಡಿತ ನೆಲಕ್ಕೂ ಟೈರಿಗೂ ನಡುವೆ ಸಿಗಬೇಕು.

ಇಲ್ಲೊಂದು ಮುಖ್ಯವಾದ ವಿಷಯವನ್ನು ನಮ್ಮಲ್ಲಿ ಹಲವರು ಗಮನಿಸುವುದಿಲ್ಲ. ವಾಹನದೊಳಗೆ ಇಟ್ಟ ಮೂಟೆ ಅದರ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ, ಆದ್ದರಿಂದ ಹಿಡಿತವೂ ಅಷ್ಟು ಹೆಚ್ಚುತ್ತದೆ. ಟ್ರೇಲರಿನಲ್ಲಿಟ್ಟ ಮೂಟೆ ಜಗ್ಗುವುದನ್ನಷ್ಟೇ ಮಾಡುತ್ತದೆ. ಕೊಕ್ಕೆಯ ಮೇಲೆ ಬೀಳುವ ಸ್ವಲ್ಪ ಭಾರವನ್ನು ಬಿಟ್ಟರೆ ಅದರಿಂದ ನಿಮ್ಮ ಚಕ್ರಕ್ಕೆ ಏನೂ ಸಿಗುವುದಿಲ್ಲ. ಹಾಗಾಗಿ ದಾರಿ ಒದ್ದೆಯಿರುವಾಗ ಮೊದಲ ಮೂಟೆಗಳು ವಾಹನದ ಹಿಂಭಾಗದಲ್ಲಿರಲಿ. ಟ್ರೇಲರು ಒಣ ದಿನಗಳಿಗಿರಲಿ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುವ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ, ರೋಬಸ್ಟಾ ಅದಕ್ಕೂ ತಡ. ಅಂದರೆ ಭಾರಿ ಎಳೆತ ಮತ್ತು ಆಳ ಕೆಸರು ಒಂದೇ ದಿನ ಎದುರಾಗುವುದು ಅಪರೂಪ. ಒಂದೇ ವಾಹನದಲ್ಲಿ ಎರಡೂ ಸಾಧ್ಯ ಎಂಬ ನನ್ನ ನಂಬಿಕೆ ನಿಂತಿರುವುದೇ ಈ ಕಾಲದ ಅಂತರದ ಮೇಲೆ.

ದಿನಕ್ಕೆ ಐವತ್ತು ಅರವತ್ತು ಮೂಟೆ ಸಾಗಬೇಕಾದ ತೋಟವಾದರೆ ಟ್ರ್ಯಾಕ್ಟರೋ ಪಿಕಪ್ಪೋ ಬೇಕು. ಕುಟುಂಬ ಕೂರುವ ವಾಹನದಿಂದ ಆ ದುಡಿಮೆ ತೆಗೆದರೆ ಮೂರು ವರ್ಷದಲ್ಲಿ ಕ್ಲಚ್ಚು, ಸಸ್ಪೆನ್ಷನ್ ಎರಡೂ ಸವೆದುಹೋಗುತ್ತವೆ.

ಇನ್ನು ಜನ. ಹಳೆಯ ಜೀಪುಗಳ ಹಿಂದಿನ ಎದುರುಬದುರು ಬೆಂಚಿನ ಮೇಲೆ ಕುಳಿತೇ ನಾವೆಲ್ಲ ಬೆಳೆದಿದ್ದೇವೆ. ಆದರೂ ನನ್ನ ಮಕ್ಕಳನ್ನು ಅದರಲ್ಲಿ ಕೂರಿಸಿ ಚಾರ್ಮಾಡಿ ಘಾಟಿ ಇಳಿಸಲು ನನಗೆ ಮನಸ್ಸು ಬರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಸೀಟು, ಪ್ರತಿಯೊಬ್ಬರಿಗೂ ಬೆಲ್ಟು, ಗಾಳಿಚೀಲ ಇರಲೇಬೇಕು. ವಯಸ್ಸಾದವರಿದ್ದರೆ ಸೀರೆ ಉಟ್ಟು ಆ ಎತ್ತರಕ್ಕೆ ಹತ್ತಬಲ್ಲರೇ ಎಂದು ಅವರನ್ನೇ ಕರೆದುಕೊಂಡು ಹೋಗಿ ನೋಡಿ. ಮೂರು ಬಾಗಿಲಿನ ವಾಹನದಲ್ಲಿ ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳುವುದು ಎಪ್ಪತ್ತು ದಾಟಿದವರಿಗೆ ಶಿಕ್ಷೆಯೇ ಸರಿ. ಪಕ್ಕದಲ್ಲಿ ಮೆಟ್ಟಿಲು ಹಲಗೆ ಹಾಕಿಸಬಹುದು, ಆದರೆ ಅದು ಕೆಸರಿನ ಜಾಡಿನಲ್ಲಿ ಮೊದಲು ತಗಲುವ ಭಾಗ ಎಂಬುದು ನೆನಪಿರಲಿ.

ಮೂರನೆಯದು: ಯಾವ ಫೋರ್ ವೀಲ್?

ಫೋರ್ ವೀಲ್ ಎಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ವಾಹನ. ಆದರೆ ಬಾಗಿಲಿನ ಮೇಲೆ ಹಾಗೆಂದು ಫಲಕ ಅಂಟಿಸಿದ್ದೆಲ್ಲ ನಮ್ಮ ಕೆಲಸಕ್ಕೆ ಬರುವ ಫೋರ್ ವೀಲ್ ಅಲ್ಲ. ನಗರದ ಎಸ್‌ಯುವಿಗಳಲ್ಲಿ ಬರುವ ಆಲ್ ವೀಲ್ ಡ್ರೈವ್ ಒದ್ದೆ ಡಾಂಬರಿಗೆ ಒಳ್ಳೆಯದು, ಆದರೆ ಬಹುತೇಕ ಅವುಗಳಲ್ಲಿ ಲೋ ಗೇರ್ ಇರುವುದಿಲ್ಲ. ನಮಗೆ ಬೇಕಾದದ್ದು ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆ) ಇರುವ, ಲೋ ಗೇರಿಗೆ ಹಾಕಬಲ್ಲ ವಾಹನ. ಲೋ ಗೇರ್ ಹಾಕಿದಾಗ ಚಕ್ರ ತಿರುಗುವ ವೇಗ ಅರ್ಧಕ್ಕಿಂತ ಕಡಿಮೆಯಾಗಿ, ಎಳೆಯುವ ಬಲ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚಾಗುತ್ತದೆ. ಏರು ಹತ್ತಲು ಇದು ಎಷ್ಟು ಬೇಕೋ, ತುಂಬಿದ ಟ್ರೇಲರಿನೊಂದಿಗೆ ಇಳಿಯಲು ಅದಕ್ಕಿಂತ ಹೆಚ್ಚು ಬೇಕು. ಬ್ರೇಕ್ ಒತ್ತಿದರೆ ಚಕ್ರ ಕಚ್ಚಿ ಜಾರುವ ಜಾಗದಲ್ಲಿ ಲೋ ಗೇರಿನ ಎಂಜಿನ್ ಹಿಡಿತವೇ ನಿಮ್ಮನ್ನು ನಿಧಾನಕ್ಕೆ ಕೆಳಗಿಳಿಸುತ್ತದೆ.

ಎರಡನೆಯ ಪ್ರಶ್ನೆ ಡಿಫರೆನ್ಷಿಯಲ್ ಲಾಕ್. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳೇ ಡಿಫರೆನ್ಷಿಯಲ್. ಒಂದು ಚಕ್ರ ಕೆಸರಲ್ಲಿ ಸುಮ್ಮನೆ ತಿರುಗತೊಡಗಿದರೆ ಸಾಮಾನ್ಯ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಅದಕ್ಕೇ ಕಳಿಸುತ್ತದೆ. ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ತಿರುಗಲೇಬೇಕು. ಕೆಲವು ವಾಹನಗಳು ಜಾರುವ ಚಕ್ರಕ್ಕೆ ತಾವೇ ಬ್ರೇಕ್ ಹಾಕಿ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತವೆ. ಅದು ಪರವಾಗಿಲ್ಲ, ಆದರೆ ಉದ್ದನೆಯ ಕೆಸರಿನಲ್ಲಿ ಗಟ್ಟಿ ಲಾಕಿನಷ್ಟು ಭರವಸೆಯದಲ್ಲ.

ಹೊಸಬರಿಗೊಂದು ಎಚ್ಚರಿಕೆ: ಈ ಬಗೆಯ ಫೋರ್ ವೀಲನ್ನು ಒಣ ಡಾಂಬರಿನಲ್ಲಿ ಹಾಕಿಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಸಾಗುತ್ತವೆ. ಜಾರಿ ಸರಿಹೋಗಲು ಜಾಗವಿಲ್ಲದಿದ್ದರೆ ಆ ಒತ್ತಡ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ.

ನಾಲ್ಕನೆಯದು: ವಾಹನಗಳನ್ನು ಎದುರುಬದುರು ಇಟ್ಟು ನೋಡೋಣ

ಮಾರುತಿ ಜಿಮ್ನಿ 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂತು. ತೂಕ ಸುಮಾರು 1,200 ಕಿಲೋ. ಕೆಸರಿನಲ್ಲಿ ಇದನ್ನು ನೋಡುವುದೇ ಸಂತೋಷ. ಭಾರಿ ವಾಹನಗಳು ಗುಂಡಿ ತೋಡಿಕೊಂಡು ನಿಲ್ಲುವ ಕಡೆ ಇದು ತೇಲಿದಂತೆ ದಾಟುತ್ತದೆ. ಲೋ ಗೇರ್ ಇದೆ, ಮುಂದೆಯೂ ಹಿಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇದೆ, ತೋಟದ ಇಕ್ಕಟ್ಟಾದ ತಿರುವಿಗೆ ಹೇಳಿ ಮಾಡಿಸಿದ ಅಗಲ. ಕೊರತೆ ಎಂಜಿನ್ನಿನದು. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಕೊಡುವ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 134 ನ್ಯೂಟನ್ ಮೀಟರು, ಅದೂ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ. ಹತ್ತು ಮೂಟೆಯ ಟ್ರೇಲರನ್ನು ಏರಿಸಲು ಅದನ್ನು ಕಿರುಚಿಸಬೇಕಾಗುತ್ತದೆ. ಕೂರಲು ನಾಲ್ವರಿಗೆ ಜಾಗ, ಹಿಂದಿನ ಸೀಟು ಬಿಡಿಸಿದ್ದಾಗ ಸಾಮಾನಿಗೆ 208 ಲೀಟರು ಮಾತ್ರ.

ಮಹೀಂದ್ರ ಥಾರ್ 2020ರಲ್ಲಿ ಹೊಸ ರೂಪ ಪಡೆಯಿತು. 2.2 ಲೀಟರ್ ಡೀಸೆಲ್ ಎಂಜಿನ್ 1,600 ಸುತ್ತಿಗೇ 300 ನ್ಯೂಟನ್ ಮೀಟರು ಕೊಡುತ್ತದೆ. ಎಳೆಯುವ ಕೆಲಸಕ್ಕೆ ಮುಖ್ಯವಾದದ್ದು ಈ ಕೆಳಸುತ್ತಿನ ಬಲ. ಕುದುರೆಶಕ್ತಿಯ ಅಂಕಿಯನ್ನು ಆಮೇಲೆ ನೋಡಿದರೂ ನಡೆಯುತ್ತದೆ. ನೆಲದೆತ್ತರ 226 ಮಿಲಿಮೀಟರು, ಕಂಪನಿ ಹೇಳುವ ನೀರಿನ ಆಳ 650 ಮಿಲಿಮೀಟರು. ಆ ವರ್ಷವೇ ಗ್ಲೋಬಲ್ ಎನ್‌ಕ್ಯಾಪ್ ಎಂಬ ಡಿಕ್ಕಿ ಸುರಕ್ಷತೆಯ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆದಿದೆ. ತೂಕ 1,700 ಕಿಲೋ ದಾಟುವುದರಿಂದ ಟ್ರೇಲರು ದೂಡಿದರೂ ಸ್ಥಿರವಾಗಿರುತ್ತದೆ, ಅದೇ ಕಾರಣಕ್ಕೆ ಮೆತ್ತನೆಯ ಗದ್ದೆ ಮಣ್ಣಿನಲ್ಲಿ ಬೇಗ ಹೂತುಕೊಳ್ಳುತ್ತದೆ. ಕೊಳ್ಳುವಾಗ ಹುಷಾರಾಗಿರಿ: 2023ರಿಂದ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಥಾರ್ ಕೂಡ ಮಾರಾಟವಾಗುತ್ತಿದೆ. ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆಲೆ ಕಡಿಮೆ, ನಮ್ಮ ಏರಿಗೆ ಮಾತ್ರ ಪ್ರಯೋಜನವಿಲ್ಲ.

ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟಿನಲ್ಲಿ ಬಂದದ್ದು. ಅಜ್ಜಿ, ಮಕ್ಕಳು ಎಲ್ಲರೂ ಆರಾಮವಾಗಿ ಕೂರಬಹುದು, ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ತಾರೆ ಬಂದಿದೆ. ಆದರೆ ಚಕ್ರದಿಂದ ಚಕ್ರಕ್ಕೆ 2,850 ಮಿಲಿಮೀಟರು ಉದ್ದ. ಮೂರು ಬಾಗಿಲಿನದ್ದು 2,450. ಈ 40 ಸೆಂಟಿಮೀಟರಿನ ವ್ಯತ್ಯಾಸ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಗಲಿದಾಗ ಅರಿವಿಗೆ ಬರುತ್ತದೆ. ನಿಮ್ಮ ದಾರಿಯಲ್ಲಿ ದಿಬ್ಬ, ಮೋರಿ ಹೆಚ್ಚಿಲ್ಲದಿದ್ದರೆ ಕುಟುಂಬಕ್ಕೂ ಟ್ರೇಲರಿಗೂ ಇದೇ ಮೇಲು. ಇದರಲ್ಲೂ ಡೀಸೆಲ್ ಎಂಜಿನ್ನಿಗೆ ಮಾತ್ರ ಫೋರ್ ವೀಲ್ ಇದೆ.

ಫೋರ್ಸ್ ಗೂರ್ಖಾ ತೋಟಕ್ಕಾಗಿಯೇ ಹುಟ್ಟಿದಂತಿದೆ. ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲಿಗೆ ಕಾರ್ಖಾನೆಯಿಂದಲೇ ಲಾಕ್, ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆ ಮೇಲಕ್ಕೆ, 700 ಮಿಲಿಮೀಟರ್ ನೀರು, 233 ಮಿಲಿಮೀಟರ್ ನೆಲದೆತ್ತರ. 2024ರ ಎಂಜಿನ್ 320 ನ್ಯೂಟನ್ ಮೀಟರಿನದು. ಐದು ಬಾಗಿಲಿನದ್ದರಲ್ಲಿ ಏಳು ಜನ ಕೂರಬಹುದು. ಹೆದ್ದಾರಿಯಲ್ಲಿ ಥಾರಿನಷ್ಟು ನಯವಿಲ್ಲ, ಸ್ಟಿಯರಿಂಗ್ ತಿರುಗಿಸಲು ತೋಳಿಗೆ ಕೆಲಸವಿದೆ, ಎಲ್ಲ ಊರಲ್ಲೂ ಸರ್ವೀಸ್ ಸಿಗುವುದಿಲ್ಲ.

ನನ್ನ ತೀರ್ಮಾನ ಇಷ್ಟು. ನಾಲ್ಕು ಜನರ ಕುಟುಂಬ, ಹತ್ತು ಮೂಟೆಯೊಳಗಿನ ಎಳೆತ, ಒಂದೆರಡು ಕೆಟ್ಟ ಏರು ಎಂದಾದರೆ ಮೂರು ಬಾಗಿಲಿನ ಥಾರ್ ಡೀಸೆಲ್ ಫೋರ್ ವೀಲ್. ಆರೇಳು ಜನರಿದ್ದು ಹಳ್ಳ ದಾಟುವುದೂ ಇದ್ದರೆ ಗೂರ್ಖಾ. ಎಳೆಯುವ ಕೆಲಸ ವರ್ಷಕ್ಕೆ ನಾಲ್ಕು ದಿನ, ಮಳೆಗಾಲದ ದಾರಿ ಮಾತ್ರ ಭೀಕರ ಎನ್ನುವವರು ಜಿಮ್ನಿ ಕೊಂಡು, ಆ ನಾಲ್ಕು ದಿನ ಪಕ್ಕದ ತೋಟದ ಪಿಕಪ್ಪನ್ನು ಬಾಡಿಗೆಗೆ ಕರೆಯಲಿ.

ಹಳೆಯ ಜೀಪಿನ ಆಸೆ ಇರುವವರಿಗೆ

ನನಗೂ ಇದೆ, ಆ ಆಸೆ ತಪ್ಪಲ್ಲ. ಒಂದು ಟನ್ನಿನ ಆಸುಪಾಸಿನ ಮಾರುತಿ ಜಿಪ್ಸಿ ಕೆಸರಿನಲ್ಲಿ ಇಂದಿಗೂ ಹಿಂದೆ ಬೀಳುವುದಿಲ್ಲ. ಪ್ಯೂಜೋ ಡೀಸೆಲ್ ಎಂಜಿನ್ನಿನ ಮಹೀಂದ್ರ ಎಂಎಂ 540 ಎಳೆಯುವುದರಲ್ಲಿ ಎತ್ತಿನಂಥದ್ದು, ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕುಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ ಮೊದಲು ಆರ್‌ಸಿ ಪುಸ್ತಕವನ್ನೂ ಚಾಸಿ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡು ಚಕ್ರದ ಶಕ್ತಿಯ ಜೀಪಿಗೆ ಬೇರೆಡೆಯ ಟ್ರಾನ್ಸ್‌ಫರ್ ಕೇಸ್, ಬೇರೆ ಎಂಜಿನ್ ಕೂರಿಸಿರುವುದು ಉಂಟು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಪಘಾತವಾದರೆ ವಿಮೆಯೂ ಕೈಬಿಡಬಹುದು. ಆಮೇಲೆ ಚಾಸಿಯ, ಅಂದರೆ ವಾಹನದ ಅಡಿಚೌಕಟ್ಟಿನ, ಒಳಮೈಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ತುಕ್ಕು ಪುಡಿಯಾಗಿ ಬಿದ್ದರೆ ಹಿಂದಿರುಗಿ. ಲೋ ಗೇರಿನಲ್ಲಿ ಇಳಿಜಾರಿಗೆ ಬಿಟ್ಟಾಗ ಲಿವರ್ ತಾನಾಗಿ ಎಗರಿ ನ್ಯೂಟ್ರಲಿಗೆ ಬಂದರೂ ಅಷ್ಟೇ, ಆ ಜೀಪು ಬೇಡ.

ಐದನೆಯದು: ಟೈರು

ವಾಹನಕ್ಕೆ ಕೊಡುವಷ್ಟೇ ಯೋಚನೆಯನ್ನು ಟೈರಿಗೂ ಕೊಡಿ. ಎರಡು ಕೆಲಸಗಳ ನಡುವಿನ ಜಗಳ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ದಪ್ಪ ಉಬ್ಬುಗಳಿರುವ ಮಡ್ ಟೆರೇನ್ ಟೈರು ಕೆಸರನ್ನು ಕಿತ್ತೆಸೆಯುತ್ತದೆ, ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಹೆಚ್ಚು ದೂರ ಬೇಕು. ಮಳೆಯಲ್ಲಿ ಶಿರಾಡಿ ಘಾಟಿಯ ತಿರುವಿನಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ ಆ ದೂರ ಪ್ರಾಣದ ಪ್ರಶ್ನೆ. ಕುಟುಂಬದ ವಾಹನಕ್ಕೆ ಮಣ್ಣಿಗೂ ಡಾಂಬರಿಗೂ ನಡೆಯುವ ಆಲ್ ಟೆರೇನ್ ಟೈರೇ ಇರಲಿ.

ಅದರ ಕೊರತೆಯನ್ನು ಗಾಳಿಯಿಂದ ತುಂಬಿಕೊಳ್ಳಬಹುದು. ಏರಿನ ಬುಡದಲ್ಲಿ ಗಾಳಿಯನ್ನು 18 ರಿಂದ 20 ಪಿಎಸ್ಐಗೆ ಇಳಿಸಿದರೆ ಟೈರು ಹೆಚ್ಚಾಗಿ ಉದ್ದಕ್ಕೆ ಹರಡಿ ನೆಲವನ್ನು ಅಪ್ಪಿಕೊಳ್ಳುತ್ತದೆ. ಇದನ್ನು ಮೊದಲ ಸಲ ಮಾಡಿದ ದಿನ, ಅರ್ಧ ಗಂಟೆ ಒದ್ದಾಡಿದ್ದ ಏರನ್ನು ಒಂದೇ ಉಸಿರಿಗೆ ಹತ್ತಿದ್ದೆ. 15ಕ್ಕಿಂತ ಕೆಳಗೆ ಹೋಗಬೇಡಿ, ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟ್ರೇಲರ್ ಕಟ್ಟಿರುವಾಗ ಗಾಳಿ ಇಳಿಸಲೇಬೇಡಿ. ಡಾಂಬರು ಸೇರುವ ಮುನ್ನ ಮತ್ತೆ ತುಂಬಬೇಕಾದ್ದರಿಂದ 12 ವೋಲ್ಟಿನ ಪುಟ್ಟ ಕಂಪ್ರೆಸರ್ ವಾಹನದಲ್ಲೇ ಇರಬೇಕು.

ಟೈರಿನ ಅಗಲದ ವಿಷಯದಲ್ಲಿ ನಮ್ಮವರು ಮೋಸಹೋಗುತ್ತಾರೆ. ನಮ್ಮ ತೋಟದ ದಾರಿಗಳಲ್ಲಿ ಮೇಲೆ ನಾಲ್ಕೈದು ಇಂಚು ಜಾರು ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಕಿರಿದಾದ ಟೈರು ಜಾರು ಪದರವನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ, ಅಗಲವಾದದ್ದು ಮೇಲೆಯೇ ಜಾರುತ್ತದೆ. ಕಂಪನಿ ಕೊಟ್ಟ ಅಳತೆಯೇ ಸಾಕು.

ಆರನೆಯದು: ಕೊಕ್ಕೆ ಮತ್ತು ಟ್ರೇಲರು

ವಾಹನದ ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿದ್ದರೆ ಅದನ್ನು ದಾಟಬೇಡಿ. ಎಳೆಯಬಾರದು ಎಂದು ಬರೆದಿದ್ದರೆ ಆ ಮಾದರಿಯನ್ನು ಪಟ್ಟಿಯಿಂದ ಕೈಬಿಡಿ. ಕೊಕ್ಕೆಯನ್ನು ಬಂಪರಿಗಲ್ಲ, ಚಾಸಿಗೆ ಬೋಲ್ಟು ಹಾಕಿ ಕೂರಿಸಬೇಕು. ಸಾರ್ವಜನಿಕ ರಸ್ತೆಗೆ ಇಳಿಯುವ ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು, ಹಿಂದೆ ದೀಪ ಬೇಕು.

ಮೂಟೆ ಜೋಡಿಸುವಾಗ ಹೆಚ್ಚಿನ ಭಾರ ಟ್ರೇಲರಿನ ಆಕ್ಸಲ್ಲಿಗಿಂತ ಸ್ವಲ್ಪ ಮುಂದಿರಲಿ. ಒಟ್ಟು ಭಾರದ ಹತ್ತನೆಯ ಒಂದು ಭಾಗ ಕೊಕ್ಕೆಯ ಮೇಲೆ ಬೀಳಬೇಕು. 700 ಕಿಲೋಗೆ 70, ಅಂದರೆ ಒಬ್ಬ ಆಳು ಹಿಂದೆ ನಿಂತಷ್ಟು. ಭಾರ ಹಿಂದಕ್ಕೆ ಹೋದರೆ ಟ್ರೇಲರು ಹಾವಿನಂತೆ ಅತ್ತಿತ್ತ ಹೊರಳತೊಡಗುತ್ತದೆ, ಜೊತೆಗೆ ನಿಮ್ಮ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಹಿಡಿತವನ್ನೂ ಕಸಿಯುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಲೋ ಗೇರಿಗೆ ಬನ್ನಿ.

ಟ್ರೇಲರಿನಲ್ಲಿ ಮನುಷ್ಯರು ಕೂರಬಾರದು. ಕೆಲಸಗಾರರ ಲೈನ್ ಮನೆಯವರೆಗೆ ಎರಡೇ ಫರ್ಲಾಂಗು ಎಂದರೂ, ಸಂಜೆ ಮಳೆ ಬರುತ್ತಿದೆ ಎಂದರೂ, ಮಕ್ಕಳು ಎಷ್ಟೇ ಹಟ ಮಾಡಿದರೂ ಕೂರಬಾರದು. ನಮ್ಮಲ್ಲಿ ಈ ವಿಷಯದಲ್ಲಿ ಸಡಿಲ ಹೆಚ್ಚು. ದಯವಿಟ್ಟು ಬಿಗಿ ಮಾಡಿ.

ಏಳನೆಯದು: ಸಿಕ್ಕಿಬಿದ್ದಾಗ

ಚಾಸಿಗೆ ಕೂರಿಸಿದ ಎಳೆಯುವ ಕೊಂಡಿ, ಒಳ್ಳೆಯ ಪಟ್ಟಿ ಹಗ್ಗ, ಹಗ್ಗವನ್ನು ಕೊಂಡಿಗೆ ಸೇರಿಸುವ ಎರಡು ಶಾಕಲ್ (ಕಬ್ಬಿಣದ ಬಳೆ), ಗುದ್ದಲಿ, ಎರಡು ದಪ್ಪ ಹಲಗೆ. ಇವಿಷ್ಟು ಇಲ್ಲದೆ ಮಳೆಗಾಲದಲ್ಲಿ ಹೊರಡಬೇಡಿ. ಒಮ್ಮೆ ಸರಪಳಿ ಕಟ್ಟಿ ಎಳೆಯುವಾಗ ಕೊಂಡಿ ಕಿತ್ತು ಬಂದು ನನ್ನ ಮುಂದಿನ ಗಾಜನ್ನು ಪೂರ್ತಿ ಒಡೆದಿತ್ತು, ಒಂದು ಅಡಿ ಆಚೆ ತಮ್ಮ ನಿಂತಿದ್ದ. ಆ ದಿನದಿಂದ ಸರಪಳಿ ಮುಟ್ಟಿಲ್ಲ. ಟ್ರೇಲರಿನ ಗುಂಡು ಕೊಕ್ಕೆಗೂ ಹಗ್ಗ ಕಟ್ಟಬೇಡಿ, ಅದು ಜಗ್ಗಿ ಎಳೆಯುವ ಹೊಡೆತಕ್ಕೆ ಮಾಡಿದ್ದಲ್ಲ. ಹಗ್ಗ ಸುತ್ತಿಕೊಂಡು ವಾಹನವನ್ನು ಎಳೆಯುವ ವಿಂಚ್ ಇದ್ದರೆ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ ಕೊಂಡಿ ಹಾಕಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕನ್ನು ಬಿಟ್ಟು ಬರಿಯ ಮರ ನೋಡಿ.

ಹಳ್ಳದಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಹೋಗಬೇಡಿ. ಒಳಗೆ ನೀರು ಹೊಕ್ಕಿದ್ದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಾಟಿದ ವಾರದಲ್ಲಿ ಡಿಫರೆನ್ಷಿಯಲ್ ಎಣ್ಣೆ ನೋಡಿಸಿ, ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಬದಲಿಸಿ.

ಫೋರ್ ವೀಲ್ ಕೈಗೆ ಬಂದ ಮೇಲೆ ಗುಡ್ಡ ಹತ್ತುವ ಹುಮ್ಮಸ್ಸು ಸಹಜ. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲಿಗೆ ಚಕ್ರ ಇಳಿಸಬೇಡಿ. ಅಲ್ಲಿನ ಹುಲ್ಲಿನ ಬೇರೇ ಮಣ್ಣನ್ನು ಹಿಡಿದು ಮಳೆ ನೀರನ್ನು ಕಣಿವೆಗಳಲ್ಲಿನ ಶೋಲಾ ಕಾಡಿಗೂ ನಮ್ಮ ಹಳ್ಳಗಳಿಗೂ ನಿಧಾನವಾಗಿ ಬಿಡುವುದು. ಟೈರು ಕಿತ್ತ ಎರಡು ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಕೆಸರಿನ ಆಸೆ ತೀರಿಸಿಕೊಳ್ಳಲು ಸ್ವಂತ ತೋಟದ ದಾರಿ ಇದೆ, ಅನುಮತಿ ಕೊಡುವ ಸ್ನೇಹಿತರ ಗದ್ದೆ ಇದೆ.

ವಾಹನ ಮನೆಗೆ ಬಂದದ್ದು ಏಪ್ರಿಲ್ ಮೇ ತಿಂಗಳಾದರೆ ಕಣ ಖಾಲಿಯಿರುತ್ತದೆ. ಸಂಜೆ ಖಾಲಿ ಟ್ರೇಲರ್ ಕಟ್ಟಿ, ನಾಲ್ಕು ಮೂಲೆಗೆ ನಾಲ್ಕು ಗೊಬ್ಬರದ ಚೀಲ ಇಟ್ಟು, ನಡುವೆ ಹಿಮ್ಮುಖವಾಗಿ ಹೋಗುವುದನ್ನು ಅಭ್ಯಾಸ ಮಾಡಿ. ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಕೈಗೆ ಇದು ಒಗ್ಗಲು ನನಗೆ ಎಂಟು ಸಂಜೆ ಹಿಡಿಯಿತು. ಮನೆಯಲ್ಲಿ ವಾಹನ ಓಡಿಸುವ ಎಲ್ಲರೂ ಕಲಿಯಲಿ. ಕೊಯ್ಲಿನ ದಿನ ಇಕ್ಕಟ್ಟಾದ ತಿರುವಿನಲ್ಲಿ ಎದುರಿಗೆ ಇನ್ನೊಂದು ಪಿಕಪ್ ಬಂದು ನಿಂತಾಗ ಹಿಂದಕ್ಕೆ ಸರಿಯಬೇಕಾದವರು ಅವರೇ ಆಗಿರಬಹುದು.